ಕ್ವಿಲ್ಟಿನ ಅಂಚಿಗೆ ತ್ರಿಕೋನ ಕೂರಿಸುವಾಗ

ಚಿ. ಸೌ. ಮೇಧಾಗೆ ಚಿಕ್ಕಮ್ಮನ ಆಶೀರ್ವಾದಗಳು.

ನಿನ್ನ ಕ್ವಿಲ್ಟಿನ 18 ಬ್ಲಾಕುಗಳ, ಅಂದರೆ ತುಂಡು ಬಟ್ಟೆ ಕೂಡಿಸಿ ಹೊಲಿದ ಚೌಕಗಳ, ಫೋಟೊ ನೋಡಿದೆ. ಮೂಲೆಯ ಮೇಲೆ ನಿಲ್ಲಿಸಿ, ಅಡ್ಡಕ್ಕೆ ಮೂರು, ಉದ್ದಕ್ಕೆ ನಾಲ್ಕು, ಅವುಗಳ ನಡುವಿನ ಸಂದುಗಳಲ್ಲಿ ಉಳಿದ ಆರು ಬರುವಂತೆ ಜೋಡಿಸಿದ್ದು ಒಪ್ಪವಾಗಿದೆ. ಈಗ ಸುತ್ತಲೂ ಗರಗಸದ ಹಲ್ಲಿನಂತೆ ಉಳಿದಿರುವ ಸಂದುಗಳಿಗೆ ತ್ರಿಕೋನ ಬೇಕು. ಆತುರಪಟ್ಟು ಎಲ್ಲವನ್ನೂ ಒಂದೇ ಥರ ಕತ್ತರಿಸಿಬಿಡಬೇಡ. ಬದಿಯದು ಬೇರೆ, ಮೂಲೆಯದು ಬೇರೆ.

ಬಟ್ಟೆಯನ್ನು ಓರೆಯಾಗಿ ಕತ್ತರಿಸಿದ ಅಂಚು, ಅಂದರೆ ನಮ್ಮ ಟೈಲರ್‌ಗಳು ಹೇಳುವ ಕ್ರಾಸ್, ಎಳೆದರೆ ಹಿಗ್ಗುತ್ತದೆ. ಆ ಅಂಚು ಬ್ಲಾಕಿಗೆ ಹೊಲಿದು ಒಳಗೇ ಹೋಗಬೇಕು. ಕ್ವಿಲ್ಟಿನ ಹೊರ ಅಂಚಿಗೆ ನೇಯ್ಗೆಯ ಗುಂಟ ಹೋಗುವ ನೇರ ಎಳೆಯೇ ಬರಬೇಕು. ಉಲ್ಟಾ ಆಯಿತೋ, ಬಾರ್ಡರ್ ಹಚ್ಚುವ ಹೊತ್ತಿಗೆ ಅಂಚು ಅಲೆಅಲೆಯಾಗಿ ಎದ್ದು ನಿಲ್ಲುತ್ತದೆ, ಯಾವ ಇಸ್ತ್ರಿಗೂ ಬಗ್ಗುವುದಿಲ್ಲ. ಊರ ಕಡೆಯ ಕೌದಿಯಲ್ಲಿ ಈ ತಲೆನೋವಿಲ್ಲ. ಅಲ್ಲಿ ತುಂಡುಗಳನ್ನು ಹಳೇ ಸೀರೆಯ ಮೇಲಿಟ್ಟು ಹೊಲಿಯುವುದರಿಂದ, ಕ್ರಾಸ್ ಇದ್ದರೂ ಕೆಳಗಿನ ಬಟ್ಟೆ ಹಿಡಿದುಕೊಳ್ಳುತ್ತದೆ.

ಹಾಗಾಗಿ ಬದಿಯ ತ್ರಿಕೋನಕ್ಕೆ ದೊಡ್ಡ ಚೌಕ ತೆಗೆದುಕೊಂಡು ಎರಡೂ ಕರ್ಣದ ಗುಂಟ ಕತ್ತರಿಸು. ಒಂದು ಚೌಕಕ್ಕೆ ನಾಲ್ಕು ತ್ರಿಕೋನ, ಉದ್ದ ಬದಿಗೆ ನೇರ ಎಳೆ. ಮೂಲೆಯದಕ್ಕೆ ಚಿಕ್ಕ ಚೌಕ, ಒಂದೇ ಕರ್ಣ. ಎರಡು ತ್ರಿಕೋನ, ಗಿಡ್ಡ ಬದಿಗಳಿಗೆ ನೇರ ಎಳೆ.

ಹೊಲಿದ ಮೇಲೆ ನಿನ್ನ ಬ್ಲಾಕ್ 12 ಇಂಚು. ಅದನ್ನು 1.414ರಿಂದ ಗುಣಿಸಿದರೆ ಸುಮಾರು 17. ಅದಕ್ಕೆ ಹೊಲಿಗೆಯೊಳಗೆ ಹೋಗುವ 1¼ ಸೇರಿಸಿದರೆ ಬದಿಯ ಚೌಕ 18¼ ಇಂಚು. ಮೂಲೆಗೆ 12ನ್ನು 1.414ರಿಂದ ಭಾಗಿಸಿ ಹೊಲಿಗೆಗೆ ⅞ ಸೇರಿಸು, 9⅜ ಬರುತ್ತದೆ. ಇದು ಲೆಕ್ಕದ ಮಾತು. ನನ್ನ ಮಾತು ಕೇಳುವುದಾದರೆ 19 ಮತ್ತು 10 ಇಂಚಿಗೆ ಕತ್ತರಿಸು. ಹೆಚ್ಚಾಗಿದ್ದನ್ನು ಆಮೇಲೆ ಸವರಬಹುದು, ಕಡಿಮೆಯಾದರೆ ಬ್ಲಾಕಿನ ಚೂಪು ತುದಿಗಳು ಹೊಲಿಗೆಯೊಳಗೆ ನುಂಗಿಹೋಗುತ್ತವೆ. ಬದಿಗೆ 10 ತ್ರಿಕೋನ ಬೇಕು, ಅಂದರೆ 3 ಚೌಕ. ಎರಡು ತ್ರಿಕೋನ ಉಳಿಯುತ್ತವೆ. ಮೂಲೆಗೆ 2 ಚೌಕ. 42 ಇಂಚು ಪನ್ನದ (ಅಗಲದ) ಬಟ್ಟೆಯಲ್ಲಿ 19 ಇಂಚಿನ ಎರಡು ಪಟ್ಟಿಗೆ ಎಲ್ಲವೂ ಹಿಡಿಸುತ್ತದೆ, ಒಟ್ಟು 38 ಇಂಚು. ನೀನಿರುವಲ್ಲಿನ ಅಂಗಡಿಯ ಒಂದು ಯಾರ್ಡ್ ಅಂದರೆ 36 ಇಂಚು, ಸಾಲುವುದಿಲ್ಲ. ಒಂದೂಕಾಲು ಯಾರ್ಡ್ ತಗೋ.

ಗೆರೆಗೆರೆಯ ಬಟ್ಟೆಯಾದರೆ ಇನ್ನೊಂದು ಎಚ್ಚರ. ಬದಿಯ ಪ್ರತಿ ಚೌಕದಲ್ಲೂ ಎರಡು ತ್ರಿಕೋನದ ಗೆರೆ ಉದ್ದ ಬದಿಗೆ ಸಮವಾಗಿ, ಇನ್ನೆರಡರದು ಅದಕ್ಕೆ ಅಡ್ಡಲಾಗಿ ಬರುತ್ತದೆ. ಗೆರೆಗಳೆಲ್ಲ ಮೇಲಿಂದ ಕೆಳಗೆ ಇಳಿಯಬೇಕೆಂದರೆ ಮೊದಲ ಜಾತಿಯವು ಎಡಬಲಕ್ಕೆ, ಎರಡನೆಯವು ಮೇಲೆ ಕೆಳಗೆ. ಮೂಲೆಯ ಎರಡು ಚೌಕಗಳನ್ನು ಗೆರೆ ನಿಂತಂತೆ ಇಟ್ಟುಕೊಂಡು, ಒಂದರ ಕರ್ಣವನ್ನು ಎಡದಿಂದ ಬಲಕ್ಕೆ ಇಳಿಸಿ, ಇನ್ನೊಂದರದನ್ನು ಬಲದಿಂದ ಎಡಕ್ಕೆ ಇಳಿಸಿ ಕತ್ತರಿಸು. ಎರಡನ್ನೂ ಒಂದೇ ಕಡೆಗೆ ಕತ್ತರಿಸಿದರೆ ಎರಡು ಮೂಲೆಯ ಗೆರೆ ಮಲಗಿಬಿಡುತ್ತದೆ.

ಕತ್ತರಿಸುವ ಮುಂಚೆ ಬಟ್ಟೆಗೆ ಗಂಜಿ ಹಾಕಿ ಇಸ್ತ್ರಿ ಮಾಡು. ಕತ್ತರಿಸಿದ ಮೇಲೆ ಉಗಿ ತೋರಿಸಬೇಡ.

ನಂತರ ಎಲ್ಲವನ್ನೂ ನೆಲದ ಮೇಲೆ ಹರಡು. ಓರೆ ಸಾಲುಗಳಲ್ಲಿ ಎಣಿಸಿದರೆ ಬ್ಲಾಕುಗಳು 1, 3, 5, 5, 3, 1 ಬರುತ್ತವೆ. ಬದಿಯ ತ್ರಿಕೋನ ಸಾಲಿನ ತುದಿಗೆ ಸೇರುತ್ತದೆ. ಐದರ ಎರಡು ಸಾಲುಗಳಿಗೆ ಮಾತ್ರ ಒಂದು ತುದಿಯಲ್ಲಿ ಬದಿಯದು, ಇನ್ನೊಂದು ತುದಿ ಮೂಲೆಯದಕ್ಕೆ ಮೀಸಲು.

ಬಹಳ ಜನ ಎಡವುವುದು ಇಲ್ಲಿ. ತ್ರಿಕೋನದ ಬದಿ ಬ್ಲಾಕಿಗಿಂತ ಉದ್ದ ಇದೆಯಲ್ಲ ಎಂದು ಎರಡೂ ಕಡೆ ಸಮ ಹಂಚಿ ಇಡುತ್ತಾರೆ. ಹಾಗೆ ಮಾಡಬೇಡ. ತ್ರಿಕೋನದ ಲಂಬ ಮೂಲೆಯನ್ನು, ಕ್ವಿಲ್ಟಿನ ನಡುವಿನತ್ತ ಇರುವ ಬ್ಲಾಕಿನ ಮೂಲೆಗೆ ಕರಾರುವಾಕ್ಕಾಗಿ ಕೂರಿಸು. ಚೂಪು ತುದಿ ಹೊರಗಡೆ ಹೆಚ್ಚುಕಡಿಮೆ ಒಂದಿಂಚು ಚಾಚಿಕೊಂಡಿರಲಿ. ಅದು ತಪ್ಪಲ್ಲ. ಮೂರು ಗುಂಡುಸೂಜಿ ಚುಚ್ಚಿ, ತ್ರಿಕೋನ ಕೆಳಗೆ, ಬ್ಲಾಕ್ ಮೇಲೆ ಇಟ್ಟು ಕಾಲಿಂಚಿಗೆ ಹೊಲಿ. ಮಷೀನಿನ ಹಲ್ಲು ಕೆಳಗಿನ ಬಟ್ಟೆಯನ್ನು ತಾನೇ ಒಳಕ್ಕೆ ಒಯ್ಯುತ್ತದೆ, ಹಿಗ್ಗಿದ್ದರೂ ಸರಿಹೋಗುತ್ತದೆ. ನೀನು ಕೈಯಿಂದ ಎಳೆಯಬಾರದು, ಅಷ್ಟೆ. ಮೊದಲ ಸಾಲಿನ ಹೊಲಿಗೆಗಳನ್ನೆಲ್ಲ ಬಲಕ್ಕೆ ಮಡಚಿದರೆ ಎರಡನೆಯದನ್ನು ಎಡಕ್ಕೆ ಮಡಚು, ಸಂದಿನಲ್ಲಿ ಗಂಟು ಕಟ್ಟುವುದಿಲ್ಲ. ಇಸ್ತ್ರಿಯನ್ನು ಎತ್ತಿ ಎತ್ತಿ ಒತ್ತಬೇಕು, ತಳ್ಳಬಾರದು.

ಆರು ಸಾಲೂ ಕೂಡಿದ ಮೇಲೆ ನಾಲ್ಕು ಮೂಲೆ ಹಚ್ಚು. ಇದಕ್ಕೆ ಮಾತ್ರ ಉದ್ದ ಬದಿಯ ನಡುವನ್ನು ಮಡಚಿ ಗುರುತು ಮಾಡಿ, ಬ್ಲಾಕಿನ ನಡುವಿಗೆ ಕೂಡಿಸಬೇಕು.

ಸವರುವುದು ಕೊನೆಗೆ. ಸ್ಕೇಲಿನ ಕಾಲಿಂಚಿನ ಗೆರೆಯನ್ನು ಬ್ಲಾಕುಗಳ ಚೂಪು ತುದಿಗಳ ಮೇಲಿಟ್ಟು ಚಕ್ರದಂಥ ಅಲಗಿನ ರೋಟರಿ ಕಟರ್ ಓಡಿಸು. ಸರಿಯಾಗಿ ಬಂದರೆ ಮೇಲ್ಪದರ ಹೆಚ್ಚುಕಡಿಮೆ 51½ ಇಂಚು ಅಗಲ, 68½ ಇಂಚು ಉದ್ದ ಇರುತ್ತದೆ. ಬಾರ್ಡರ್ ಅಳೆಯುವಾಗ ಅಂಚಿನ ಮೇಲೆ ಟೇಪು ಇಡಬೇಡ, ಕ್ವಿಲ್ಟಿನ ನಡುವೆ ಅಳೆ.

ಹೊಲಿಗೆ ಹಾಕುವ ಮುಂಚೆ, ನೆಲದ ಮೇಲೆ ಹರಡಿದ್ದು ಒಂದು ಫೋಟೊ ಕಳಿಸು.

ಇಂತಿ,
ನಿನ್ನ ಚಿಕ್ಕಮ್ಮ