ಲಾಸ್ ವೇಗಸ್ ಹೋಟೆಲ್: ಶುಕ್ರವಾರದೊಳಗೆ ತಿಳಿಸಿ

ಎಲ್ಲರಿಗೂ ನಮಸ್ಕಾರ. ಲಾಸ್ ವೇಗಸ್‌ಗೆ ಹೊರಟಿರುವವರು ಯಾವ ಹೋಟೆಲ್ ಬೇಕೆಂದು ಶುಕ್ರವಾರ ರಾತ್ರಿಯೊಳಗೆ ಇಲ್ಲಿಯೇ ತಿಳಿಸಿ. ಶನಿವಾರ ಕೋಣೆ ಕಾದಿರಿಸುತ್ತೇನೆ.

ಜೂಜಿನ ಗಂಧವಿಲ್ಲದ ನನ್ನ ಅಭಿಪ್ರಾಯ ಇಷ್ಟು: ಬೆಲಾಜಿಯೊದ ಕಾರಂಜಿಯನ್ನು ರಸ್ತೆಬದಿಯಲ್ಲಿ ನಿಂತು ಬಿಟ್ಟಿಯಾಗಿ ನೋಡಬಹುದು, ಅದಕ್ಕಾಗಿ ಅಲ್ಲಿಯೇ ತಂಗಬೇಕಿಲ್ಲ. ಪಿರಮಿಡ್ ಆಕಾರದ ಲಕ್ಸರ್ ಹೋಟೆಲಿನಲ್ಲಿ ಲಿಫ್ಟ್ ಗೋಡೆಯ ಇಳಿಜಾರಿನಗುಂಟ ಓರೆಯಾಗಿ ಏರುತ್ತದೆ. ಮೊದಲ ಸಲ ಕಾಲು ತಡವರಿಸುವುದು ಖಂಡಿತ. ಎಂಜಿಎಂ ಗ್ರ್ಯಾಂಡ್‌ನಲ್ಲಿ 5,000ಕ್ಕೂ ಹೆಚ್ಚು ಕೋಣೆಗಳು. ಬೀದಿಗೆ ಬರಬೇಕಾದರೂ ಮಿನುಗುವ ಜೂಜಿನ ಯಂತ್ರಗಳ ಸಾಲು ದಾಟಬೇಕು, ಮಂಡಿನೋವಿದ್ದವರಿಗೆ ಬೇಡವೇ ಬೇಡ. ನನ್ನ ಮತ ಪಾರ್ಕ್ ಎಂಜಿಎಂಗೆ: ಕ್ಯಾಸಿನೊದೊಳಗೂ ಸಿಗರೇಟಿನ ಹೊಗೆಯಿಲ್ಲ.

ಬಾಡಿಗೆಯ ಜೊತೆಗೆ ದಿನವೂ ‘ರೆಸಾರ್ಟ್ ಶುಲ್ಕ’ ಬೀಳುತ್ತದೆ. ಒಟ್ಟು ಮೊತ್ತ ನೋಡಿಯೇ ಒಪ್ಪಿ. 21 ವರ್ಷ ತುಂಬದವರು ಜೂಜಿನ ಅಂಗಳವನ್ನು ಹಾದುಹೋಗಬಹುದು, ಅಲ್ಲಿ ನಿಲ್ಲುವಂತಿಲ್ಲ. ಮಕ್ಕಳ ಜೊತೆ ಬರುವವರು ಗಮನಿಸಿ. ರೂಲೆಟ್ (ತಿರುಗುವ ಚಕ್ರದಲ್ಲಿ ಗುಂಡು ಯಾವ ಅಂಕಿಯಲ್ಲಿ ನಿಲ್ಲುತ್ತದೆಂದು ಪಣ ಕಟ್ಟುವ ಆಟ) ಆಡಿಯೇ ತೀರುವವರು ಮೂರು ಸೊನ್ನೆಯ ಚಕ್ರ ಬಿಟ್ಟುಬಿಡಿ: ಕಟ್ಟಿದ ಪಣದಲ್ಲಿ ಸರಾಸರಿ ಕ್ಯಾಸಿನೊಗೆ ಉಳಿಯುವ ಪಾಲು ಎರಡು ಸೊನ್ನೆಯದರಲ್ಲಿ ಶೇ. 5.26, ಮೂರು ಸೊನ್ನೆಯದರಲ್ಲಿ ಶೇ. 7.69.

ಉತ್ತರದಲ್ಲಿ ಹೆಸರು, ಜನರ ಸಂಖ್ಯೆ, ಹೋಟೆಲ್ ಇಷ್ಟು ಸಾಕು. ಉತ್ತರಿಸದವರಿಗೆ ನಾನು ಆರಿಸಿದ್ದೇ ಗತಿ.