ಕೈ ಊರಿ ಎದ್ದೆ ಅಂದೆಯಲ್ಲ

ಚಿ. ಮಧುವಿಗೆ ನಿನ್ನ ಚಿಕ್ಕಮ್ಮ ಮಾಡುವ ಆಶೀರ್ವಾದಗಳು.

ಮಲೇಷ್ಯಾದಿಂದ ನಿನ್ನ ಪತ್ರ ತಲುಪಿತು. ಪೆನಾಂಗಿನ ಮಳೆ, ಬಾಲ್ಕನಿಯಲ್ಲಿ ಸ್ಮಿತಾ ಬೆಳೆಸಿದ ಕರಿಬೇವು, ಪಕ್ಕದ ಮನೆಯ ಚೀನೀ ಅಜ್ಜಿ ಕೊಟ್ಟ ದುರಿಯನ್ ಹಣ್ಣು, ಎಲ್ಲ ಓದಿ ಖುಷಿಯಾಯಿತು. ನೀನು ಕೆಲಸ ಬಿಟ್ಟ ವಿಚಾರ ಈಗ ಬೇಡ, ಆ ಮಾತೆಲ್ಲ ಮನೆಯಲ್ಲಿ ಆಗಿಹೋಗಿದೆ. ಆದರೆ ಕೊನೆಯ ಪುಟದಲ್ಲಿ ಒಂದು ಸಾಲು ಬರೆದಿದ್ದೀಯ. ‘ಮೊನ್ನೆ ದೇವರ ಮುಂದೆ ಕೂತಿದ್ದವನು ಕೈ ಊರಿ ಏಳಬೇಕಾಯ್ತು ಚಿಕ್ಕಮ್ಮ, ವಯಸ್ಸಾಯ್ತು ನೋಡಿ’ ಅಂತ. ಅಲ್ಲಿಗೆ ನಿಂತುಬಿಟ್ಟೆ. ಉಳಿದದ್ದನ್ನು ಓದಿದ್ದು ಮಾರನೇ ದಿನ.

ನಿನಗೆ ನಲವತ್ತೊಂಬತ್ತು. ಅದು ಕೈ ಊರುವ ವಯಸ್ಸಲ್ಲ ಮಗಾ.

ನೀನು ಸಲೀಸಾಗಿ ಬರೆದಿದ್ದೀಯ, ನನಗೆ ಸಲೀಸಾಗಿ ತೆಗೆದುಕೊಳ್ಳಲು ಆಗುತ್ತಿಲ್ಲ. ನಿನ್ನ ಚಿಕ್ಕಪ್ಪನಿಗೂ ಶುರುವಾದದ್ದು ಹೀಗೆಯೇ. 2001ರಲ್ಲಿ ಬ್ಯಾಂಕಿನಿಂದ ಸ್ವಯಂ ನಿವೃತ್ತಿಯ ವಿಆರ್‌ಎಸ್ ತೆಗೆದುಕೊಂಡಾಗ ಅವರಿಗೆ ಐವತ್ತೂ ತುಂಬಿರಲಿಲ್ಲ. ಅಲ್ಲಿಯವರೆಗೆ ಸೈಕಲ್ಲಿನಲ್ಲಿ ಶಾಖೆಗೆ, ಅಲ್ಲಿಂದ ದೇವರಾಜ ಮಾರುಕಟ್ಟೆಗೆ, ತರಕಾರಿ ಚೀಲ ಹ್ಯಾಂಡಲ್‌ಗೆ ತಗುಲಿಸಿಕೊಂಡು ಮನೆಗೆ. ಅದನ್ನು ವ್ಯಾಯಾಮ ಅಂತ ಯಾರು ಲೆಕ್ಕಕ್ಕೆ ಹಿಡಿದಿದ್ದರು? ಕೆಲಸ ನಿಂತಿತು, ಸೈಕಲ್ಲೂ ನಿಂತಿತು. ಒಂದೆರಡು ವರ್ಷಕ್ಕೆ ಊಟ ಮುಗಿಸಿ ಮಣೆಯಿಂದ ಏಳುವಾಗ ಎಂಜಲು ಕೈಯನ್ನು ಮೇಲೆತ್ತಿ ಹಿಡಿದು, ಎಡಗೈಯನ್ನು ನೆಲಕ್ಕೆ ಊರಿ, ಅರ್ಧ ಎದ್ದು ಒಂದು ಗಳಿಗೆ ತಡೆದು, ಆಮೇಲೆ ನೇರವಾಗುತ್ತಿದ್ದರು. ಆ ತಡೆಯುವ ಗಳಿಗೆ ನನ್ನ ಕಣ್ಣಿಗೆ ಈಗಲೂ ಕಟ್ಟಿದ ಹಾಗಿದೆ. ಮಕ್ಕಳು ಊಟದ ಮೇಜು ತಂದರು. ಆಮೇಲೆ ಪೂಜೆಗೂ ಕುರ್ಚಿ ಬಂತು. ನೆಲಕ್ಕೆ ಕೂರುವ ಪ್ರಸಂಗವೇ ಇಲ್ಲವಾದ ಮೇಲೆ ಏಳುವ ಶಕ್ತಿಯೂ ಹೋಯಿತು.

2006ರಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ಹೋಗಬೇಕೆಂದು ಅವರು ಎಷ್ಟು ಆಸೆಪಟ್ಟಿದ್ದರು! ಬೆಟ್ಟ ಹತ್ತಲಾರೆ ಕಣೇ, ನೀನು ಹೋಗಿ ಬಾ ಅಂದರು. ಅವರಿಲ್ಲದೆ ನಾನೇನು ಹೋಗಲಿ. ಇಬ್ಬರೂ ಟಿವಿ ಮುಂದೆ ಕೂತು ನೋಡಿದೆವು. ಹಾಲು, ಅರಿಶಿನ, ಚಂದನ ಇಳಿದು ಬರುವಾಗ ಅವರು ಮಾತೇ ಆಡಲಿಲ್ಲ. ಮುಂದಿನದು ಬಂದದ್ದು 2018ಕ್ಕೆ, ಅಷ್ಟರಲ್ಲಿ ಅವರೇ ಇರಲಿಲ್ಲ. ಆ ಒಂದು ಕೊರಗು ನನ್ನ ಜೊತೆಗೇ ಹೋಗುತ್ತದೆ.

ನಿನ್ನನ್ನು ಹೆದರಿಸಲು ಬರೆಯುತ್ತಿಲ್ಲ. ಆದರೂ ನಾನು ಬಂದು ಇದ್ದಾಗ ನೋಡಿದೆನಲ್ಲ ನಿನ್ನ ದಿನಚರಿ. ಮನೆಯಿಂದ ಲಿಫ್ಟು, ಲಿಫ್ಟಿನಿಂದ ಕಾರು, ಕಾರಿನಿಂದ ಮಾಲು, ಎಲ್ಲ ಕಡೆಯೂ ಎಸಿ. ಹಸಿವಾದರೆ ಮೊಬೈಲು ಒತ್ತಿದರೆ ರೋಟಿ ಚನಾಯ್ ಬಾಗಿಲಿಗೆ ಬರುತ್ತದೆ. ಹೊರಗೆ ಕಾಲಿಟ್ಟರೆ ಆ ಧಗೆ. ನಮ್ಮ ಮೈಸೂರಿನಲ್ಲಿ ಬೆವರು ಆರುತ್ತದೆ, ಮೈ ತಣ್ಣಗಾಗುತ್ತದೆ. ಅಲ್ಲಿ ಗಾಳಿಯಲ್ಲೇ ಅಷ್ಟು ತೇವ, ಬೆವರು ಆರುವುದೇ ಇಲ್ಲ, ಸುಮ್ಮನೆ ಸುರಿಯುತ್ತದೆ. ನಾಲ್ಕು ಹೆಜ್ಜೆ ಹಾಕಿದ್ದಕ್ಕೇ ನಿನಗೆ ಸುಸ್ತಾಗಿ ಒಳಗೆ ಓಡಿಬಂದಿದ್ದರೆ ಅದು ಸೋಮಾರಿತನವಲ್ಲ. ಸ್ವಲ್ಪ ಸ್ವಲ್ಪವೇ ಹೆಚ್ಚಿಸಿದರೆ ಒಂದೆರಡು ವಾರಕ್ಕೆ ಮೈ ಆ ಸೆಕೆಗೆ ಒಗ್ಗುತ್ತದೆ.

ಅಲ್ಲಿ ಬೆಳಿಗ್ಗೆ ಏಳು ಗಂಟೆಗೂ ಸರಿಯಾಗಿ ಬೆಳಕು ಬಿಟ್ಟಿರುವುದಿಲ್ಲ, ನೆನಪಿದೆಯಾ? ನಿದ್ದೆ ಕೆಡಿಸಿಕೊಳ್ಳದೆ ತಂಪು ಹೊತ್ತು ಸಿಗುವ ಊರು ಅದು. 1884ರಲ್ಲಿ ಮಾಡಿದ ಆ ಬೊಟಾನಿಕ್ ಗಾರ್ಡನ್ನಿಗೆ ನನ್ನನ್ನು ಕರೆದುಕೊಂಡು ಹೋಗಿದ್ದೆಯಲ್ಲ. ನನಗಿಂತ ದೊಡ್ಡ ವಯಸ್ಸಿನವರು ಸಾಲಾಗಿ ನಿಂತು ನಿಧಾನಕ್ಕೆ ಕೈಕಾಲು ಆಡಿಸುತ್ತಿದ್ದರು. ಒಬ್ಬ ಅಜ್ಜ ಒಂಟಿ ಕಾಲಲ್ಲಿ ನಿಂತು ಷೂ ದಾರ ಕಟ್ಟಿಕೊಂಡ! ಕಣ್ಣ ಸುತ್ತ ಬಿಳಿ ಉಂಗುರವಿರುವ ಆ ಮುಸುವಗಳನ್ನು ನೀನು ಫೋಟೋ ತೆಗೆಯುತ್ತಿದ್ದೆ, ನಾನು ಆ ಅಜ್ಜನನ್ನೇ ನೋಡುತ್ತಿದ್ದೆ. ಅವರ ಜೊತೆ ಸುಮ್ಮನೆ ಹಿಂದಿನ ಸಾಲಿನಲ್ಲಿ ನಿಂತುಕೋ, ಬೈಯುವುದಿಲ್ಲ. ಅಲ್ಲಿಂದ ಪೆನಾಂಗ್ ಬೆಟ್ಟಕ್ಕೆ ಹೋಗುವ ಜೀಪು ರಸ್ತೆ ಈಗಲೇ ಬೇಡ, ಐದು ಕಿಲೋಮೀಟರ್ ಬರೀ ಏರು. ಹತ್ತಿರದಲ್ಲೇ ಮುರುಗನ ಗುಡಿಯಿದೆ, ಐನೂರು ಚಿಲ್ಲರೆ ಮೆಟ್ಟಿಲು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ನನ್ನ ಕೈ ಹಿಡಿದು ಹತ್ತಿದವನು ನೀನು, ನಂದಿ ಬರುವವರೆಗೆ ಕೂರುವುದಿಲ್ಲ ಅಂತ ಹಟ ಮಾಡುತ್ತಿದ್ದವನು. ಮೊದಲು ಹತ್ತು ಮೆಟ್ಟಿಲು ಹತ್ತಿ ಕೈಮುಗಿದು ಇಳಿದು ಬಾ, ಮುರುಗ ಕೋಪಿಸಿಕೊಳ್ಳುವುದಿಲ್ಲ.

ನನ್ನನ್ನು ಉಳಿಸಿದ್ದು ಎಚ್.ಡಿ. ಕೋಟೆಯ ಆದಿವಾಸಿ ಹಾಡಿಗಳು. ಲಸಿಕೆಯ ಡಬ್ಬ ಹೆಗಲಿಗೆ ಹಾಕಿಕೊಂಡು ಹೊರಟರೆ ಒಳಗಿನ ಐಸ್ ಕರಗುವ ಮುಂಚೆ ಊರು ಮುಟ್ಟಬೇಕು, ಅದಕ್ಕೇ ಕಾಲು ಬೀಸಿ ನಡೆಯುತ್ತಿದ್ದೆವು. ಆಗ ಎಷ್ಟು ಬೈದುಕೊಂಡಿದ್ದೇನೆ ಆ ಕೆಲಸವನ್ನು. ಇವತ್ತು ನೆಲದಿಂದ ಎದ್ದು ನಿಲ್ಲುತ್ತೇನಲ್ಲ, ಅದು ಆ ದಾರಿಗಳ ಋಣ. ನಿನ್ನ ಚಿಕ್ಕಪ್ಪನಿಗೆ ಹಾಗೆ ಎಬ್ಬಿಸಿ ಓಡಿಸುವ ಒಂದು ಕೆಲಸ ಉಳಿಯಲಿಲ್ಲ. ನಿನಗೂ ಈಗ ಇಲ್ಲ. ನನ್ನ ಭಯ ಇರುವುದು ಅಲ್ಲಿ.

ವಾರಕ್ಕೆ ನೂರೈವತ್ತು ನಿಮಿಷ ನಡಿಗೆ, ಎರಡು ದಿನ ಮಾಂಸಖಂಡಗಳಿಗೆ ಕೆಲಸ, ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿನಗೆ ಗೊತ್ತಿರುವುದನ್ನೇ ಹೇಳುತ್ತಿದ್ದೇನೋ ಏನೋ. ಎಲ್ಲರೂ ನಡಿಗೆ ಮಾಡುತ್ತಾರೆ, ಎರಡನೆಯದನ್ನು ಬಿಡುತ್ತಾರೆ, ತೊಡೆ ಸೋಲುವುದು ಅದಕ್ಕೇ. ಕುರ್ಚಿಯ ತುದಿಯಲ್ಲಿ ಕೂತು, ಕೈಕಟ್ಟಿಕೊಂಡು, ಹತ್ತು ಸಲ ಎದ್ದು ಕೂರು. ಅಡಿಗೆ ಕುದಿಯುವಷ್ಟು ಹೊತ್ತಿಗೆ ಮುಗಿಯುತ್ತದೆ. ರಾತ್ರಿ ಊಟವಾದರೂ ನೆಲದ ಮೇಲೆ ಕೂತು ಮಾಡಿ, ಇಬ್ಬರೂ. ಹೊರಗೆ ಹೋಗಿ ಬಂದಾಗ ಮಜ್ಜಿಗೆಗೆ ಉಪ್ಪು ಹಾಕಿ ಕುಡಿ. ಗಾರ್ಡನ್ನಿಗೆ ಹೋಗುವಾಗ ಸೊಳ್ಳೆ ಮುಲಾಮು ಮರೆಯಬೇಡ, ಅಲ್ಲಿ ಡೆಂಗೆ ಇದೆ. ಸಕ್ಕರೆ, ಬಿಪಿ, ಥೈರಾಯ್ಡ್ ಒಮ್ಮೆ ನೋಡಿಸಿಬಿಡು.

ಒಂದು ವಿಷಯಕ್ಕೆ ಮಾತ್ರ ಕೂಡಲೇ ಉತ್ತರ ಬರೆ. ಅವತ್ತು ಏಳುವಾಗ ಎರಡೂ ಕಾಲು ಸಮನಾಗಿ ಸೋತವಾ, ಒಂದೇ ಕಾಲಾ? ಮಂಡಿ ನೋವಿಗೆ ಕೈ ಊರಿದೆಯಾ, ಬಲ ಸಾಲದೆಯಾ? ಒಂದೇ ಕಡೆ ಸೋಲುತ್ತಿದ್ದರೆ ನನ್ನ ಈ ಮಜ್ಜಿಗೆ, ಮೆಟ್ಟಿಲು ಎಲ್ಲ ಬದಿಗಿಟ್ಟು ಇವತ್ತೇ ಡಾಕ್ಟರಿಗೆ ತೋರಿಸು. ಪತ್ರಕ್ಕೆ ಕಾಯಬೇಡ, ಫೋನ್ ಮಾಡು. ರಾತ್ರಿ ಹತ್ತರವರೆಗೂ ಎದ್ದಿರುತ್ತೇನೆ.

ಇತಿ,
ನಿನ್ನ ಚಿಕ್ಕಮ್ಮ