ಓಪನ್ ಕಾರಿಗೆ ಮೊದಲು ಟಾಪ್ ಆರಿಸಿ, ಇಂಜಿನ್ ಆಮೇಲೆ

ಸಂಪಾದಕರೇ,

ನಿಮ್ಮ ವಾಹನ ಪುಟದಲ್ಲಿ ಮಜ್ದಾ ಎಂಎಕ್ಸ್-5 ಎಂಬ, ಟಾಪ್ (ಮೇಲ್ಚಾವಣಿ) ತೆರೆದು ಓಡಿಸುವ ಎರಡು ಸೀಟಿನ ಜಪಾನಿ ಕಾರಿನ ಬಗ್ಗೆ ಬಂದ ಲೇಖನ ಓದಿದೆ. ಇಷ್ಟೊಂದು ಮಾದರಿಗಳಲ್ಲಿ ಯಾವುದನ್ನು ಕೊಳ್ಳಬೇಕು ಎಂಬ ಪ್ರಶ್ನೆಗೆ ಲೇಖಕರು ಒಂದು ಪಟ್ಟಿ ಕೊಟ್ಟಿದ್ದಾರೆ. ಎಷ್ಟು ಹಾರ್ಸ್‌ಪವರ್, ಸೊನ್ನೆಯಿಂದ ನೂರು ಮುಟ್ಟಲು ಎಷ್ಟು ಸೆಕೆಂಡು, ಇಷ್ಟೇ. ಕೊನೆಗೆ 2 ಲೀಟರ್ ಇಂಜಿನ್ನಿನ, ಗಟ್ಟಿ ಟಾಪಿನ ಆರ್‌ಎಫ್ ಮಾದರಿಗೆ ಮೊದಲ ಸ್ಥಾನ. ಅಂಕಿಗಳ ಬಗ್ಗೆ ದೊಡ್ಡ ತಕರಾರಿಲ್ಲ. ಆದರೆ ಆರಿಸಿದ ಕ್ರಮವೇ ತಲೆಕೆಳಗಾಗಿದೆ. ಓಪನ್ ಕಾರು ಕೊಳ್ಳುವವರು ಮೊದಲು ತೀರ್ಮಾನಿಸಬೇಕಾದದ್ದು ಟಾಪ್ ಯಾವುದಿರಬೇಕು ಎಂದು. ಬರೀ ವೇಗ ಬೇಕಿದ್ದರೆ ಯಾರಾದರೂ ಓಪನ್ ಕಾರು ಯಾಕೆ ತಗೊಳ್ಳುತ್ತಾರೆ, ಅಲ್ವಾ?

ನಾನು ಇಂಥ ಕಾರುಗಳ ಹಳೇ ಟಾಪ್ ಬಿಚ್ಚಿ, ಹೊಸದನ್ನು ಹೊದಿಸಿ ಕೂರಿಸುವ ಕೆಲಸ ಮಾಡುವವನು. ಬಟ್ಟೆ ಹೊಲಿಯುವವನು ಬಟ್ಟೆಯ ಪರವೇ ಮಾತಾಡುತ್ತಾನೆ ಎಂದು ನಗಬೇಡಿ. ಬಟ್ಟೆಯ ಟಾಪಿನಲ್ಲಿ ಏನೇನು ಕೆಡುತ್ತದೆ ಎನ್ನುವುದೂ ನನಗೇ ಚೆನ್ನಾಗಿ ಗೊತ್ತು. ಅದನ್ನೂ ಬರೆಯುತ್ತೇನೆ.

ಮೊದಲು ಒಂದು ಮಾತು. ಈ ಕಾರು ಹುಟ್ಟಲು ಒಬ್ಬ ಪತ್ರಕರ್ತರೂ ಕಾರಣ. 1970ರ ದಶಕದ ಕೊನೆಯಲ್ಲಿ ಬಾಬ್ ಹಾಲ್ ಎಂಬ ಅಮೆರಿಕದ ವಾಹನ ಪತ್ರಕರ್ತರು ಮಜ್ದಾ ಕಂಪನಿಯ ಎಂಜಿನಿಯರ್ ಕೆನಿಚಿ ಯಾಮಾಮೊಟೊ ಅವರ ಮುಂದೆ ಒಂದು ಆಸೆ ಹೇಳಿಕೊಂಡರು. ಹಳೇ ಬ್ರಿಟಿಷ್ ಓಪನ್ ಕಾರುಗಳ ಥರ ಹಗುರವಾದ, ಸರಳವಾದ ಎರಡು ಸೀಟಿನ ಕಾರು ಈಗ ಯಾರೂ ಮಾಡುತ್ತಿಲ್ಲ, ನೀವು ಮಾಡಿ ಎಂದರು. ಜೋರಾಗಿ ಓಡುವ ಕಾರು ಕೊಡಿ ಎಂದು ಅವರು ಕೇಳಲಿಲ್ಲ. ಇದನ್ನು ನಿಮ್ಮ ಲೇಖಕರಿಗೆ ತಿಳಿಸಿ.

1989ರ ಫೆಬ್ರುವರಿಯಲ್ಲಿ ಷಿಕಾಗೊ ಮೋಟಾರ್ ಷೋನಲ್ಲಿ ಆ ಕಾರು ಹೊರಬಂತು. 1.6 ಲೀಟರ್ ಇಂಜಿನ್, ಒಂದು ಟನ್ನಿಗಿಂತ ಕಡಿಮೆ ತೂಕ, ಮೇಲೆದ್ದು ಬರುವ ಹೆಡ್‌ಲೈಟು. ಎನ್‌ಎ ಎಂದು ಕರೆಯುವುದು ಈ ಮೊದಲ ತಲೆಮಾರನ್ನೇ. ಕೆಲವು ವರ್ಷದ ನಂತರ ಇದಕ್ಕೇ 1.8 ಲೀಟರ್ ಇಂಜಿನ್ ಬಂತು. ಎನ್‌ಎ ಕೊಳ್ಳುವವರು 1.6 ಒಳ್ಳೆಯದೋ 1.8 ಒಳ್ಳೆಯದೋ ಎಂದು ಗಂಟೆಗಟ್ಟಲೆ ಚರ್ಚೆ ಮಾಡುತ್ತಾರೆ. ಹಿಂದಿನ ಕಿಟಕಿಯ ಕಡೆ ತಿರುಗಿಯೂ ನೋಡುವುದಿಲ್ಲ. ಅದರಲ್ಲಿ ಹಿಂದಿನ ಕಿಟಕಿ ಗಾಜಿನದಲ್ಲ, ಪ್ಲಾಸ್ಟಿಕ್‌ನದು. ಸುತ್ತ ಜಿಪ್ ಇರುತ್ತದೆ. ಟಾಪ್ ಮಡಚುವ ಮೊದಲು ಜಿಪ್ ಎಳೆದು, ಪ್ಲಾಸ್ಟಿಕ್ಕನ್ನು ಹಿಂದಕ್ಕೆ ಚಪ್ಪಟೆಯಾಗಿ ಮಲಗಿಸಿ, ಆಮೇಲೆ ಮಡಚಬೇಕು. ಸೋಮಾರಿತನಕ್ಕೆ ಜಿಪ್ ತೆಗೆಯದೆ ಹಾಗೇ ಮಡಚಿದರೆ ಪ್ಲಾಸ್ಟಿಕ್ ಪ್ರತಿ ಸಲವೂ ಅದೇ ಜಾಗದಲ್ಲಿ ಮುರಿದುಕೊಳ್ಳುತ್ತದೆ. ಮೊದಲು ಬಿಳೀ ಗೆರೆ. ಆಮೇಲೆ ಹಳದಿ. ಒಂದು ಚಳಿಯ ಬೆಳಗ್ಗೆ ಆ ಗೆರೆಯುದ್ದಕ್ಕೂ ಚಟ್ ಎಂದು ಸೀಳುತ್ತದೆ. ನನ್ನ ಹತ್ತಿರ ಬರುವ ಎನ್‌ಎ ಕಾರುಗಳಲ್ಲಿ ಬಹಳಷ್ಟು ಬರುವುದೇ ಈ ಗೆರೆಯಿಂದ.

1998ರಲ್ಲಿ ಬಂದ ಎರಡನೇ ತಲೆಮಾರಿಗೆ, ಅಂದರೆ ಎನ್‌ಬಿಗೆ, ಗಾಜಿನ ಕಿಟಕಿ ಕೊಟ್ಟರು. ಮಂಜು ಕರಗಿಸುವ ತಂತಿಯೂ ಆ ಗಾಜಿನಲ್ಲಿದೆ. ಜಿಪ್ಪಿನ ರಗಳೆ ಹೋಯಿತು. ಹೆಡ್‌ಲೈಟ್ ಮೇಲೇಳುವುದಿಲ್ಲ ಎಂಬ ಒಂದೇ ಬೇಸರಕ್ಕೆ ಈ ಕಾರನ್ನು ಬೇಡ ಎನ್ನುವವರಿದ್ದಾರೆ. ನನ್ನ ಮಟ್ಟಿಗೆ, ದಿನಾ ಓಡಿಸಲು ಹಳೇ ಎಂಎಕ್ಸ್-5 ಬೇಕು ಎನ್ನುವವರಿಗೆ ಎನ್‌ಬಿಯೇ ಸರಿ. ಎನ್‌ಎ ಮುಖವೇ ಬೇಕು ಎನ್ನುವವರಿಗೂ ದಾರಿ ಇದೆ. ಎನ್‌ಬಿಯ ಗಾಜಿನ ಟಾಪ್ ಎನ್‌ಎಗೆ ಕೂರುತ್ತದೆ. ಎಷ್ಟೋ ಜನ ಹಾಗೇ ಮಾಡಿಸಿಕೊಳ್ಳುತ್ತಾರೆ.

2005ರ ಮೂರನೇ ತಲೆಮಾರು, ಎನ್‌ಸಿ, ದಪ್ಪಗಾಯಿತು ಎಂದು ಎಲ್ಲರೂ ಬೈದರು. ಬೈಯಲಿ. ಟಾಪಿನ ಲೆಕ್ಕದಲ್ಲಿ ಅದು ದೊಡ್ಡ ಹೆಜ್ಜೆ. ಎರಡು ಕೊಂಡಿ ಇದ್ದ ಕಡೆ ಮಧ್ಯದಲ್ಲಿ ಒಂದೇ ಕೊಂಡಿ ಬಂತು. ಮಡಚಿದಾಗ ಬಟ್ಟೆಯ ಹೊರಮೈ ಮೇಲೇ ಉಳಿಯುವ ಹಾಗೆ ಚೌಕಟ್ಟನ್ನು ಬದಲಾಯಿಸಿದರು. ಅದರ ಮೇಲೆ ಇನ್ನೊಂದು ಹೊದಿಕೆ ಹಾಕುವ ಗೋಜೇ ಇಲ್ಲ. 2006ರಲ್ಲಿ ಇದೇ ಕಾರಿಗೆ ಬಟನ್ ಒತ್ತಿದರೆ ಮಡಚಿಕೊಳ್ಳುವ ಗಟ್ಟಿ ಟಾಪ್ ಕೂಡ ಬಂತು. ತೆಗೆಯಲು ಸುಮಾರು 12 ಸೆಕೆಂಡು. ತೂಕ 40 ಕೆ.ಜಿ.ಯೊಳಗೇ ಜಾಸ್ತಿ ಆಯಿತು, ಡಿಕ್ಕಿಯ ಜಾಗ ಒಂದಿಷ್ಟೂ ಕಡಿಮೆ ಆಗಲಿಲ್ಲ. ಎಂಎಕ್ಸ್-5ರಲ್ಲಿ ಪೂರ್ತಿ ತೆರೆದುಕೊಳ್ಳುವ ಗಟ್ಟಿ ಟಾಪ್ ಬೇಕೆಂದರೆ ಇಂದಿಗೂ ಈ ಕಾರೇ ಗತಿ. ನಿಮ್ಮ ಲೇಖನದಲ್ಲಿ ಇದರ ಹೆಸರೂ ಇಲ್ಲ.

ಈಗ ಆರ್‌ಎಫ್‌ಗೆ ಬರೋಣ. 2015ರಲ್ಲಿ ಬಂದ ನಾಲ್ಕನೇ ತಲೆಮಾರಿನ, ಎನ್‌ಡಿಯ, ಗಟ್ಟಿ ಟಾಪಿನ ರೂಪ ಇದು. 2016ರಲ್ಲಿ ನ್ಯೂಯಾರ್ಕ್ ಮೋಟಾರ್ ಷೋನಲ್ಲಿ ತೋರಿಸಿದರು. ನೋಡಲು ಚೆಂದ, ಅದರಲ್ಲಿ ಎರಡು ಮಾತಿಲ್ಲ. ಹಿಂದಿನಿಂದ ಇಳಿಜಾರಾಗಿ ಬರುವ ಆ ಗೆರೆ ನೋಡಿದವರು ಮತ್ತೊಮ್ಮೆ ತಿರುಗಿ ನೋಡುತ್ತಾರೆ. ಬಟನ್ ಹಿಡಿದರೆ ಹಿಂಭಾಗ ಇಡೀ ಮೇಲೇಳುತ್ತದೆ, ತಲೆಯ ಮೇಲಿನ ಹಲಗೆಗಳೂ ಹಿಂದಿನ ಗಾಜೂ ಸೀಟಿನ ಹಿಂದೆ ಸೇರಿಕೊಳ್ಳುತ್ತವೆ, ಆಮೇಲೆ ಹಿಂಭಾಗ ವಾಪಸ್ ಬಂದು ಕೂರುತ್ತದೆ. ಸುಮಾರು 13 ಸೆಕೆಂಡಿನ ಆಟ. ಮಕ್ಕಳು ಬಾಯಿಬಿಟ್ಟು ನೋಡುತ್ತಾರೆ. ಆದರೆ ಆಟ ಮುಗಿದ ಮೇಲೂ ಹಿಂದಿನ ಎರಡು ಕಂಬ ಅಲ್ಲೇ ಇರುತ್ತವೆ. ಅಂದರೆ ಇದು ಪೂರ್ತಿ ತೆರೆದ ಕಾರಲ್ಲ, ನೆತ್ತಿ ತೆರೆದ ಕಾರು. ಲೇನ್ ಬದಲಿಸುವಾಗ ಭುಜದ ಮೇಲಿಂದ ಹಿಂದೆ ನೋಡಿದರೆ ಕಂಬ ಅಡ್ಡ ಬರುತ್ತದೆ. ವೇಗ ಹೆಚ್ಚಿದ ಹಾಗೆ ಗಾಳಿ ಆ ಕಂಬಗಳಿಗೆ ಬಡಿದು ಕಿವಿಯ ಹಿಂದೆ ಸದ್ದು ಮಾಡುತ್ತದೆ. ಬಟ್ಟೆಯ ಮಾದರಿಗಿಂತ ತೂಕವೂ ಸುಮಾರು 45 ಕೆ.ಜಿ. ಜಾಸ್ತಿ.

ಬಟ್ಟೆಯ ಎನ್‌ಡಿಯಲ್ಲಿ ಏನಾಗುತ್ತದೆ? ಸೀಟಿನಲ್ಲಿ ಕೂತೇ ಮಧ್ಯದ ಕೊಂಡಿ ತೆಗೆದು, ಒಂದೇ ಕೈಯಲ್ಲಿ ಟಾಪನ್ನು ಹಿಂದಕ್ಕೆ ಹಾಕಿ, ಟಕ್ ಎನ್ನುವವರೆಗೆ ಒತ್ತುವುದು. ಅಷ್ಟೇ ಕೆಲಸ. ಮೋಟಾರ್ ಇಲ್ಲ, ವೈರಿಂಗ್ ಇಲ್ಲ. ಬಟನ್ ಒತ್ತಿ ಕಾಯುವವರಿಗಿಂತ ಮೊದಲೇ ಮುಗಿದಿರುತ್ತದೆ. ಮಳೆ ಹನಿ ಬಿದ್ದರೆ ಸಿಗ್ನಲ್ ಹಸಿರಾಗುವುದರೊಳಗೆ ಮುಚ್ಚಿಕೊಳ್ಳಬಹುದು. ಆರ್‌ಎಫ್ ಟಾಪ್ ಕಾರು ಗಂಟೆಗೆ 10 ಕಿ.ಮೀ. ವೇಗ ದಾಟಿದರೆ ಮಿಸುಕುವುದಿಲ್ಲ. ಸಿಗ್ನಲ್ ಬಿಟ್ಟಾಗ ಅದು ಅರ್ಧದಲ್ಲಿದ್ದರೆ ಹಿಂದಿನವರ ಹಾರ್ನ್ ಕೇಳಿಕೊಂಡು ಕೂರಬೇಕು.

ಹಾಗಂತ ಆರ್‌ಎಫ್ ಯಾರಿಗೂ ಬೇಡ ಎನ್ನುವುದಿಲ್ಲ. ನನ್ನ ಗ್ರಾಹಕರೊಬ್ಬರು ಬಟ್ಟೆಯದೋ ಗಟ್ಟಿಯದೋ ಎಂದು ಕೇಳಿಕೊಂಡು ಬಂದರು. ದಿನಾ ರಾತ್ರಿ ಪಾಳಿ ಮುಗಿಸಿ ಹೆದ್ದಾರಿಯಲ್ಲಿ ಮನೆಗೆ ಹೋಗುವವರು. ಕಾರು ನಿಲ್ಲುವುದು ರಸ್ತೆ ಬದಿಯಲ್ಲಿ. ಟಾಪ್ ತೆಗೆಯುವುದು ರಜೆಯ ದಿನ ಮಾತ್ರ. ಅವರಿಗೆ ನಾನೇ ಆರ್‌ಎಫ್ ತಗೊಳ್ಳಿ ಎಂದೆ. ಮುಚ್ಚಿದಾಗ ಅದು ಬಟ್ಟೆಯದಕ್ಕಿಂತ ಸದ್ದು ಕಡಿಮೆ. ಬ್ಲೇಡ್ ಹಾಕಿ ಸೀಳುವ ಕಿಡಿಗೇಡಿಗಳ ಭಯವೂ ಇಲ್ಲ. ನಾನು ಕೇಳುವುದು ಇಷ್ಟೇ. ಕಾರನ್ನು ಹೆಚ್ಚು ಹೊತ್ತು ಮುಚ್ಚಿ ಓಡಿಸುತ್ತೀರೋ, ತೆರೆದು ಓಡಿಸುತ್ತೀರೋ? ಮುಚ್ಚಿ ಎಂದರೆ ಆರ್‌ಎಫ್. ತೆರೆದು ಎಂದರೆ ಬಟ್ಟೆ. ಉತ್ತರ ಕೊಡುವಾಗ ಮಾತ್ರ ತಮಗೆ ತಾವೇ ಸುಳ್ಳು ಹೇಳಿಕೊಳ್ಳಬಾರದು. ಬಹಳ ಜನ ಹೇಳಿಕೊಳ್ಳುತ್ತಾರೆ.

ಟಾಪ್ ತೀರ್ಮಾನವಾದ ಮೇಲೆ ಇಂಜಿನ್. ಎನ್‌ಡಿ ಬಂದಾಗ 1.5 ಲೀಟರ್‌ನದು 131 ಪಿಎಸ್ (ಹಾರ್ಸ್‌ಪವರ್‌ನ ಮೆಟ್ರಿಕ್ ಲೆಕ್ಕ) ಇತ್ತು. 2 ಲೀಟರ್‌ನದು ಮೊದಲು 160 ಪಿಎಸ್ ಇತ್ತು, 2018ರ ಬದಲಾವಣೆಯಲ್ಲಿ 184 ಆಯಿತು. ಲೇಖನದಲ್ಲಿ ಈ ಎರಡು 2 ಲೀಟರ್‌ಗಳನ್ನು ಒಂದೇ ಎಂಬಂತೆ ಬರೆದಿದ್ದಾರೆ. ಒಂದೇ ಅಲ್ಲ. ಹಳೆಯದು 6,800 ಆರ್‌ಪಿಎಂಗೆ (ಇಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ) ನಿಲ್ಲುತ್ತಿತ್ತು. ಹೊಸದರಲ್ಲಿ ಪಿಸ್ಟನ್, ಕನೆಕ್ಟಿಂಗ್ ರಾಡ್ ಹಗುರ ಮಾಡಿ 7,500ರವರೆಗೆ ಏರುವ ಹಾಗೆ ಮಾಡಿದ್ದಾರೆ. ಅದೇ ಬದಲಾವಣೆಯಲ್ಲಿ ಸ್ಟೀರಿಂಗನ್ನು ಮುಂದಕ್ಕೂ ಹಿಂದಕ್ಕೂ ಎಳೆದುಕೊಳ್ಳುವ ಅನುಕೂಲ ಬಂತು. ಮೊದಲು ಬರೀ ಮೇಲೆ ಕೆಳಗೆ ಮಾತ್ರ ಆಗುತ್ತಿತ್ತು. ಉದ್ದ ಕಾಲಿನವರಿಗೆ ಆ ಜಾಸ್ತಿ 24 ಪಿಎಸ್‌ಗಿಂತ ಇದೇ ದೊಡ್ಡ ವಿಷಯ. ಸೆಕೆಂಡ್ ಹ್ಯಾಂಡ್ ಎನ್‌ಡಿ ನೋಡುವವರು ಯಾವ ವರ್ಷದ ಕಾರು ಎಂದು ಮೊದಲು ವಿಚಾರಿಸಲಿ.

ನನ್ನನ್ನು ಕೇಳಿದರೆ 1.5 ಸಾಕು. ಅದೂ 7,500ರವರೆಗೆ ಏರುತ್ತದೆ. ಗೇರ್ ಬದಲಿಸುತ್ತಾ, ಇಂಜಿನ್ ಕೂಗಿಸುತ್ತಾ ಓಡಿಸಿದರೂ ಲೈಸೆನ್ಸ್ ಉಳಿಯುತ್ತದೆ. ಟೈರು ಸಣ್ಣದು, ಮೂಗು ಹಗುರ. ಇದು ನನ್ನೊಬ್ಬನ ಹಟ ಎಂದುಕೊಳ್ಳಬೇಡಿ. ಜಪಾನಿನಲ್ಲಿ ಎನ್‌ಡಿ ಬಂದ ಮೇಲೆ ವರ್ಷಗಟ್ಟಲೆ ಬಟ್ಟೆಯ ಟಾಪಿಗೆ 1.5 ಮಾತ್ರ, ಆರ್‌ಎಫ್‌ಗೆ 2 ಲೀಟರ್ ಮಾತ್ರ ಎಂದು ಕಂಪನಿಯೇ ಹಂಚಿ ಮಾರಿತು. ಅಲ್ಲಿನ ಅತಿ ಕಡಿಮೆ ಸಲಕರಣೆಯ ‘ಎಸ್’ ಮಾದರಿ ಬಂದಾಗ 990 ಕೆ.ಜಿ. ತೂಗುತ್ತಿತ್ತು. ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಹಿಂದಿನ ಸ್ಟೆಬಿಲೈಸರ್ ಬಾರನ್ನೂ, ಒಂದೇ ಚಕ್ರ ಸುಮ್ಮನೆ ತಿರುಗುವುದನ್ನು ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ಲನ್ನೂ ಅದಕ್ಕೆ ಹಾಕಿರಲಿಲ್ಲ. ಆಮೇಲೆ 990ಎಸ್ ಎಂದು ತೂಕವನ್ನೇ ಹೆಸರಿಗೆ ಸೇರಿಸಿದ ಮಾದರಿಯನ್ನೂ ತಂದರು. ನಿಮ್ಮ ಪಟ್ಟಿಯ ಲೆಕ್ಕದಲ್ಲಿ ಇವೆಲ್ಲ ಕೊನೆಯ ಸಾಲಿನವು! ಟ್ರ್ಯಾಕ್‌ಗೆ ಹೋಗುವವರ ಮಾತು ಬೇರೆ. ಅವರು 2 ಲೀಟರ್, ಮ್ಯಾನುಯಲ್ ಗೇರ್, ಲಿಮಿಟೆಡ್ ಸ್ಲಿಪ್ ಇರುವುದನ್ನೇ ತಗೊಳ್ಳಲಿ. ಆಟೊಮ್ಯಾಟಿಕ್ ಬಗ್ಗೆ ನನ್ನ ಅಭಿಪ್ರಾಯ ಅಚ್ಚು ಹಾಕುವಂಥದ್ದಲ್ಲ.

ಇನ್ನು ಬಟ್ಟೆಯ ಟಾಪಿನ ಕಷ್ಟಗಳು. ಹಳೇ ಎನ್‌ಎ, ಎನ್‌ಬಿ ನೋಡಲು ಹೋಗುವಾಗ ಒಂದು ಮಗ್ ನೀರು ಜೊತೆಗಿರಲಿ. ಟಾಪಿನ ಮೇಲೆ ಬಿದ್ದ ಮಳೆ ನೀರು ಸೀಟಿನ ಹಿಂದೆ ಎರಡೂ ಮೂಲೆಯಲ್ಲಿರುವ ತೂತಿನ ಮೂಲಕ ಇಳಿದು, ಹಿಂದಿನ ಚಕ್ರದ ಮುಂದೆ ನೆಲಕ್ಕೆ ಹೋಗಬೇಕು. ಮಗ್ಗಿನ ನೀರನ್ನು ಅಲ್ಲಿಗೆ ನಿಧಾನವಾಗಿ ಸುರಿದು, ಬಗ್ಗಿ ಕಾರಿನ ಕೆಳಗೆ ನೋಡಿ. ಸರಾಗವಾಗಿ ಸುರಿದರೆ ಸರಿ. ಬರಲೇ ಇಲ್ಲ ಎಂದರೆ ಒಳಗೆ ತರಗೆಲೆ, ಮಣ್ಣು ಕಟ್ಟಿದೆ. ಆ ನೀರು ಎಲ್ಲಿಗೆ ಹೋಗುತ್ತಿದೆ? ಬಾಗಿಲ ಕೆಳಗಿನ ಪೆಟ್ಟಿಗೆಯಂಥ ತಗಡಿನೊಳಕ್ಕೆ. ಅದು ಒಳಗಿಂದ ತುಕ್ಕು ಹಿಡಿಯುತ್ತದೆ. ಹೊರಗೆ ಬಣ್ಣ ಉಬ್ಬಿ ಕಾಣುವ ಹೊತ್ತಿಗೆ ತಗಡು ತಿಂದು ಹೋಗಿರುತ್ತದೆ. ಸೀಟಿನ ಹಿಂದಿನ ಕಾರ್ಪೆಟ್ ಎತ್ತಿ ಮೂಸಿ. ಮುಗ್ಗಲು ವಾಸನೆ ಬಂದರೆ, ಇಂಜಿನ್ ಎಷ್ಟೇ ಚೆನ್ನಾಗಿದ್ದರೂ ಸುಮ್ನೆ ವಾಪಸ್ ಬನ್ನಿ. ಹೊಸ ಟಾಪ್ ನಾನು ಹಾಕಿಕೊಡಬಲ್ಲೆ. ತುಕ್ಕು ಹಿಡಿದ ಬಾಡಿಯನ್ನು ಏನು ಮಾಡಲಿ?

ಒಳ್ಳೆಯ ತೂತು, ಒಳ್ಳೆಯ ಬಟ್ಟೆ ಇದ್ದರೂ ಮಾಲೀಕರ ಕೈಯಲ್ಲಿ ಒಂದು ಕೆಲಸ ಉಳಿಯುತ್ತದೆ. ಒದ್ದೆ ಟಾಪನ್ನು ಮಡಚಿ ದಿನಗಟ್ಟಲೆ ಬಿಟ್ಟರೆ ಒದ್ದೆ ಕೊಡೆಯನ್ನು ಬೀರುವಿನಲ್ಲಿಟ್ಟ ಹಾಗೆ. ಬೂಷ್ಟು ಬರುತ್ತದೆ, ದಾರ ಮೆತ್ತಗಾಗುತ್ತದೆ. ಚೌಕಟ್ಟಿನ ಕಂಬಿ ಮಡಚುವ ಜಾಗದಲ್ಲಿ ಬಟ್ಟೆ ಉಜ್ಜಿ ತೆಳುವಾಗುತ್ತದೆ. ಅಲ್ಲಿ ಬೆರಳಿಟ್ಟು ನೋಡಿದರೆ ಗೊತ್ತಾಗುತ್ತದೆ. ಇದನ್ನೆಲ್ಲ ನೋಡಿಕೊಳ್ಳುವ ವ್ಯವಧಾನ ಇಲ್ಲದವರೂ ಗಟ್ಟಿ ಟಾಪಿಗೇ ಹೋಗಲಿ. ನನಗೆ ಬೇಜಾರಿಲ್ಲ.

ಫಿಯಟ್ 124 ಸ್ಪೈಡರ್ ವಿಷಯ ಲೇಖನದಲ್ಲಿ ಒಂದೇ ಸಾಲಿನಲ್ಲಿ ಮುಗಿದಿದೆ. ಇನ್ನೊಂದು ಸಾಲು ಸೇರಿಸಬಹುದಿತ್ತು. ಎನ್‌ಡಿಯ ಅಡಿಪಾಯದ ಮೇಲೆ, ಹಿರೋಷಿಮಾದ ಅದೇ ಕಾರ್ಖಾನೆಯಲ್ಲಿ ಕಟ್ಟಿದ ಕಾರು ಅದು. ಇಂಜಿನ್ ಮಾತ್ರ ಫಿಯಟ್‌ನ 1.4 ಲೀಟರ್ ಟರ್ಬೊ. ಕಡಿಮೆ ಆರ್‌ಪಿಎಂನಲ್ಲೇ ಎಳೆತ ಬೇಕು, ಆದರೆ ಟಾಪ್ ಬಟ್ಟೆಯದೇ ಇರಬೇಕು ಎನ್ನುವವರಿಗೆ ಅದು ಒಗ್ಗುತ್ತದೆ.

ಕೊನೆಯದಾಗಿ ಒಂದು ತಿದ್ದುಪಡಿ ಕೋರುತ್ತೇನೆ. ಆರ್‌ಎಫ್ ಚಿತ್ರದ ಕೆಳಗೆ ‘ಪೂರ್ತಿ ತೆರೆದ ಟಾಪ್’ ಎಂದು ಅಚ್ಚಾಗಿದೆ. ಅದೇ ಚಿತ್ರದಲ್ಲಿ ಹಿಂದಿನ ಎರಡೂ ಕಂಬ ಎದ್ದು ಕಾಣುತ್ತಿವೆ. ಮುಂದಿನ ವಾರ ಸರಿಪಡಿಸಿ. ಜಾಗ ಇದ್ದರೆ ಪಟ್ಟಿಗೆ ಇನ್ನೆರಡು ಕಾಲಂ ಹಾಕಿ: ಕಾರಿನ ತೂಕ ಎಷ್ಟು, ಟಾಪ್ ತೆರೆದಾಗ ತಲೆಯ ಹಿಂದೆ ಏನು ಉಳಿಯುತ್ತದೆ.

ಇತಿ,
ಕಾರಿನ ಟಾಪ್ ಹೊಲಿಯುವ ನಿಮ್ಮ ಓದುಗ